ಗೆದ್ದ ಮೇಲೆ ಬರೆದ ಜಾತಕ

2024ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಚೆಸ್ ಟೂರ್ನಿ ಶುರುವಾಗುವ ಮೊದಲು ಮ್ಯಾಗ್ನಸ್ ಕಾರ್ಲ್‌ಸನ್ ಆಟಗಾರರ ಬಗ್ಗೆ ಭವಿಷ್ಯ ನುಡಿದಿದ್ದರು. ಹದಿನೇಳರ ಗುಕೇಶ್ ಗೆಲ್ಲುವುದನ್ನು ಊಹಿಸಿಕೊಳ್ಳಲೂ ಆಗದು ಎಂಬುದು ಅವರ ಮಾತಿನ ತಾತ್ಪರ್ಯ. ಗುಕೇಶ್ ಗೆದ್ದರು. ನಾವೆಲ್ಲ ಕಾರ್ಲ್‌ಸನ್‌ರನ್ನು ಆಡಿಕೊಂಡು ಖುಷಿಪಟ್ಟೆವು. ಆದರೆ ಆ ಟೂರ್ನಿಯ ವಿಷಯದಲ್ಲಿ ಮೊದಲೇ ಊಹಿಸಿದವರಿಗಿಂತ ಆಮೇಲೆ ವಿವರಿಸಿದವರೇ ಹೆಚ್ಚು ತಪ್ಪು ಹೇಳಿದರು ಎಂದು ನನಗನ್ನಿಸುತ್ತದೆ.

ರೇಟಿಂಗ್‌ ಲೆಕ್ಕವನ್ನೇ ನೋಡಿ. ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಹಂಗೇರಿ ಮೂಲದ ಅರ್ಪಾದ್ ಎಲೊ ರೂಪಿಸಿದ ಈ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200ರ ಅಂತರವಿದ್ದರೆ ಮೇಲಿನವರಿಗೆ ನೂರು ಆಟಗಳಲ್ಲಿ ಸುಮಾರು 76 ಅಂಕ ಬರಬೇಕು ಎನ್ನುತ್ತದೆ ಅದು. ಟೊರಾಂಟೊಗೆ ಬಂದಾಗ ಫ್ಯಾಬಿಯಾನೊ ಕರುವಾನಾ 2803ರಲ್ಲಿದ್ದರು, ಗುಕೇಶ್ 2743ರಲ್ಲಿ. ಎಂಟು ಜನ, ಪ್ರತಿಯೊಬ್ಬರೊಡನೆ ಎರಡೆರಡು ಸಲ, ತಲಾ 14 ಆಟ. ಎಲ್ಲರ ರೇಟಿಂಗ್ ಹಿಡಿದು ಗುಣಿಸಿದರೆ ಕರುವಾನಾಗೆ ಎಂಟೂಕಾಲರ ಆಸುಪಾಸು, ಗುಕೇಶ್‌ಗೆ ಏಳು ಅಂಕ ಸಿಗಬೇಕಿತ್ತು. ಕರುವಾನಾಗೆ ಸಿಕ್ಕಿದ್ದು ಎಂಟೂವರೆ! ಅವರ ಮಟ್ಟಿಗೆ ಲೆಕ್ಕ ಬಹುತೇಕ ಸರಿಯಾಗಿತ್ತು, ಆದರೂ ಅವರು ಗೆಲ್ಲಲಿಲ್ಲ. 2632 ರೇಟಿಂಗ್‌ನ ನಿಜಾತ್ ಅಬಾಸೊವ್ ಮೂರೂವರೆ ಅಂಕ ಪಡೆದು ಕೊನೆಯವರಾದರು. ಅದನ್ನು ಹೆಚ್ಚುಕಡಿಮೆ ಎಲ್ಲರೂ ಎಣಿಸಿದ್ದರು. ಕೆಳಗಿನ ಸ್ಥಾನ ಹೇಳುವುದು ಸುಲಭ, ಅಲ್ಲಿ ಅಂತರ ನಿಜಕ್ಕೂ ದೊಡ್ಡದು. ಮೇಲ್ತುದಿಯಲ್ಲಿ ಆಟಗಾರರ ಸಾಮರ್ಥ್ಯದ ನಡುವಿನ ಅಂತರವನ್ನು ಹದಿನಾಲ್ಕು ಆಟಗಳ ಏರಿಳಿತವೇ ನುಂಗಿಬಿಡುತ್ತದೆ. ಸೋಲಬೇಕಿದ್ದ ಒಂದು ಆಟ ಗೆಲುವಾದರೆ ಒಂದಂಕ. ಈ ಇಬ್ಬರ ನಿರೀಕ್ಷೆಗಳ ನಡುವೆ ಇದ್ದದ್ದು ಒಂದೂವರೆ ಅಂಕವೂ ಅಲ್ಲ.

ಇಲ್ಲಿ ವಿಚಿತ್ರವೊಂದಿದೆ. ಪಗಡೆಯಲ್ಲಿ ಧರ್ಮರಾಯ ಸೋತರೆ ದಾಳವನ್ನೋ ಶಕುನಿಯನ್ನೋ ದೂರಬಹುದು. ಚೆಸ್ಸಿನಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯೂ ಇಲ್ಲ. 64 ಮನೆಗಳಲ್ಲಿ ಏನಿದೆಯೋ ಅದೆಲ್ಲ ಇಬ್ಬರ ಕಣ್ಣೆದುರೇ ಇದೆ. ಆದರೂ ಅನಿಶ್ಚಿತತೆ ಒಳಗೆ ನುಸುಳುತ್ತದೆ, ಏಕೆಂದರೆ ಎದುರಿಗಿರುವುದನ್ನೆಲ್ಲ ಎಣಿಸಿ ಮುಗಿಸುವಷ್ಟು ತಲೆ ಯಾರಿಗೂ ಇಲ್ಲ, ಗಡಿಯಾರವೂ ಕಾಯುವುದಿಲ್ಲ. ಟೊರಾಂಟೊದ ಕೊನೆಯ ಸುತ್ತಿನಲ್ಲಿ ಗುಕೇಶ್ ಹಿಕಾರು ನಕಮುರಾ ಜೊತೆ ಡ್ರಾ ಮಾಡಿಕೊಂಡು ಒಂಬತ್ತು ಅಂಕಕ್ಕೆ ತಲುಪಿದರು. ಪಕ್ಕದ ಬೋರ್ಡ್‌ನಲ್ಲಿ ಕರುವಾನಾ ಮತ್ತು ನೆಪೋಮ್ನಿಯಾಚಿ. ಅವರಲ್ಲಿ ಯಾರು ಗೆದ್ದರೂ ಒಂಬತ್ತಾಗಿ ಗುಕೇಶ್ ಜೊತೆ ಪ್ಲೇಆಫ್ ಆಡಬೇಕಿತ್ತು. ಬಿಳಿ ಕಾಯಿ ಹಿಡಿದ ಕರುವಾನಾಗೆ ಗೆಲುವು ಕೈಗೆ ಬಂದಿತ್ತು, ಜಾರಿತು. ಆಟ ಡ್ರಾ.

ಅವರು ಆ ಗೆಲುವಿನ ದಾರಿಯನ್ನು ಕಂಡಿದ್ದರೆ? ಪ್ಲೇಆಫ್‌ನಲ್ಲಿ ಗುಕೇಶ್ ಸೋತಿದ್ದರೆ ಅನುಭವದ ಮಹಿಮೆ ಕುರಿತ ಲೇಖನಗಳನ್ನು ಓದುತ್ತಿದ್ದೆವು. ಹಾಗಾಗಲಿಲ್ಲವಾದ್ದರಿಂದ ಹದಿಹರೆಯದ ನಿರ್ಭೀತಿ, ಸ್ಥಿತಪ್ರಜ್ಞೆ ಇತ್ಯಾದಿಗಳನ್ನು ಓದಿದೆವು. ಎರಡೂ ಜಾತಕಗಳು ಸಿದ್ಧವೇ ಇದ್ದವು, ಹೆಸರು ತುಂಬುವುದಷ್ಟೇ ಬಾಕಿ. ಏಳನೆಯ ಸುತ್ತಿನಲ್ಲಿ ಫಿರೌಜಾಗೆ ಸೋತ ಮೇಲೆಯೇ ಇದು ತನ್ನ ಟೂರ್ನಿಯಾಗಬಹುದು ಅನ್ನಿಸಿತು ಎಂದು ಗುಕೇಶ್ ಆಮೇಲೆ ಹೇಳಿದರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಸೋತ ಸಂಜೆ ಹಾಗೆಯೇ ಅನ್ನಿಸಿ ಕೊನೆಗೆ ಐದನೆಯವರೋ ಏಳನೆಯವರೋ ಆದವರನ್ನು ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ವಿದಿತ್ ಗುಜರಾತಿ ಅದೇ ಟೂರ್ನಿಯಲ್ಲಿ ನಕಮುರಾರನ್ನು ಎರಡು ಸಲ ಸೋಲಿಸಿದರು. ಅವರು ಮೊದಲಿಗರಾಗಿದ್ದರೆ ಆ ಎರಡು ಆಟಗಳ ಮೇಲೆ ಪುರಾಣ ಕಟ್ಟುತ್ತಿದ್ದೆವು. ಅವರು ಆರನೆಯವರಾದರು, ಅವು ಬರೀ ಅಂಕಿಗಳಾಗಿ ಉಳಿದವು.

ಹಾಗಾದರೆ ಗೆಲುವೆಂದರೆ ಬರೀ ಅದೃಷ್ಟವೇ ಎಂದು ಕೇಳುವವರಿದ್ದಾರೆ. ಅಲ್ಲ. ಗುಕೇಶ್ ಅಲ್ಲಿ ಐದು ಆಟ ಗೆದ್ದರು, ಆ ಒಂದೊಂದು ನಡೆಯೂ ಅವರದೇ. ನನ್ನ ತಕರಾರು ‘ಗೆದ್ದರು’ ಎಂಬುದರಿಂದ ‘ಗೆಲ್ಲಲೇಬೇಕಿತ್ತು’ ಎಂಬಲ್ಲಿಗೆ ಹಾರುವ ಜಿಗಿತದ ಬಗ್ಗೆ. ಗೆಲ್ಲುವುದು ಮೊದಲೇ ನಿಶ್ಚಯವಾಗಿದ್ದರೆ ಸೋತ ಮೇಲೆ ಮತ್ತೆ ಕುಳಿತು ಆಡುವುದಕ್ಕೆ ಧೈರ್ಯವಾದರೂ ಏಕೆ ಬೇಕಿತ್ತು? ಅನಿವಾರ್ಯತೆಯ ಹೊಗಳಿಕೆ ಗೆದ್ದವನನ್ನು ದೊಡ್ಡವನಾಗಿಸುವ ಬದಲು ಸಣ್ಣವನಾಗಿಸುತ್ತದೆ. ಕಾರ್ಲ್‌ಸನ್ ಎಡವಿದ್ದೂ ಇಂಥದ್ದೇ ಜಿಗಿತದಲ್ಲಿ, ದಿಕ್ಕು ಮಾತ್ರ ಬೇರೆ: ‘ಕಷ್ಟ’ ಎನ್ನಬೇಕಾದಲ್ಲಿ ‘ಊಹಿಸಲೂ ಆಗದು’ ಎಂದರು.

ನಿಜವಾದ ಭವಿಷ್ಯಗಳನ್ನು ನಾವು ಇಷ್ಟು ಜಾಲಾಡುವುದಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರೇಟಿಂಗ್ ಇದ್ದ ಕಾರ್ಲ್‌ಸನ್ ಗೆಲ್ಲುತ್ತಾರೆಂದು ಬಹಳ ಜನ ಹೇಳಿದ್ದರು, ಅವರೇ ಗೆದ್ದರು. ಹೇಗೆ? ಕೊನೆಯ ದಿನ ಕಾರ್ಲ್‌ಸನ್ ಸ್ವಿಡ್ಲರ್‌ಗೆ ಸೋತರು, ಅವರ ಜೊತೆ ಸಮನಾಗಿದ್ದ ಕ್ರಾಮ್ನಿಕ್ ಕೂಡ ಇವಾಂಚುಕ್‌ಗೆ ಸೋತರು. ಇಬ್ಬರಿಗೂ ಎಂಟೂವರೆ ಅಂಕ. ಹೆಚ್ಚು ಆಟ ಗೆದ್ದವರು ಮುಂದೆ ಎಂಬ ನಿಯಮ ಆಗ ಇದ್ದುದರಿಂದ ಐದು ಗೆಲುವಿನ ಕಾರ್ಲ್‌ಸನ್ ನಾಲ್ಕು ಗೆಲುವಿನ ಕ್ರಾಮ್ನಿಕ್‌ರನ್ನು ಹಿಂದಿಕ್ಕಿದರು, ಅದೇ ವರ್ಷ ಚೆನ್ನೈನಲ್ಲಿ ಆನಂದ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಟೊರಾಂಟೊದ ನಿಯಮ ಲಂಡನ್ನಿನಲ್ಲಿದ್ದಿದ್ದರೆ ಇಬ್ಬರೂ ಪ್ಲೇಆಫ್‌ಗೆ ಕೂರಬೇಕಿತ್ತು.