ಮಕ್ಕಳ ಹೆಜ್ಜೆಗೆ ತಕ್ಕಂತೆ



ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಅಣ್ಣತಮ್ಮಂದಿರಿಬ್ಬರು ಬಹು ವರುಷಗಳ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತ ಸಂಗತಿಯನ್ನು ನೀವು ಓದಿದ್ದೀರಿ. ಅಳು ಮುಗಿದ ಬಳಿಕ ಏಸಾವನು ತಮ್ಮನನ್ನು ತನ್ನ ಸಂಗಡ ಪ್ರಯಾಣಕ್ಕೆ ಕರೆಯುತ್ತಾನೆ. ಅವನ ಹಿಂದೆ ನಾನೂರು ಮಂದಿ ಗಂಡಸರಿದ್ದಾರೆ. ಅವರ ನಡಿಗೆಯು ಸಿಪಾಯಿಗಳ ನಡಿಗೆ. ಯಾಕೋಬನಾದರೋ ಒಪ್ಪಲಿಲ್ಲ. ಮಕ್ಕಳು ಎಳೆಯರೆಂದೂ, ಮರಿಗಳಿಗೆ ಹಾಲೂಡುವ ದನಕುರಿಗಳು ಸಂಗಡ ಇರುವವೆಂದೂ, ಒಂದೇ ದಿವಸ ಅವಸರದಿಂದ ಅಟ್ಟಿದರೂ ಮಂದೆಯು ಉಳಿಯದೆಂದೂ, ತಾನು ಮಕ್ಕಳ ಕಾಲಿಗೆ ತಕ್ಕಂತೆ ಮೆಲ್ಲಗೆ ಸೇಯೀರಿಗೆ ಬರುವೆನೆಂದೂ ಉತ್ತರ ಕೊಟ್ಟನು. ಇದರಲ್ಲಿ ಒಂದು ವಿಶೇಷವುಂಟು. ಯಾಬೋಕ್ ಹೊಳೆಯ ಬಳಿಯಲ್ಲಿ ಆ ರಾತ್ರಿ ಹೋರಾಡಿ ತೊಡೆಯ ಕೀಲು ತಪ್ಪಿ ಅವನು ತಾನೇ ಕುಂಟುತ್ತಿದ್ದನು. ಆದಾಗ್ಯೂ ತನ್ನ ಕಾಲಿನ ಮಾತನ್ನು ಎತ್ತಲಿಲ್ಲ. ಮಕ್ಕಳ ಕಾಲಿನ ಮಾತನ್ನೇ ಹೇಳಿದನು.

ಆ ಸೇಯೀರಿನ ಸೀಮೆಯು ಲವಣಸಮುದ್ರದ ತೆಂಕಣ ದಿಕ್ಕಿನಲ್ಲಿರುವದು. ಅಲ್ಲಿ, ಈಗಿನ ಜೋರ್ಡಾನ್ ರಾಜ್ಯದೊಳಗೆ, ಪೆತ್ರಾ ಎಂಬ ಹಳೇ ಪಟ್ಟಣವುಂಟು. ಗ್ರೀಕ್ ಭಾಷೆಯಲ್ಲಿ ಪೆತ್ರಾ ಅಂದರೆ ಬಂಡೆ. ಎರಡು ಸಾವಿರ ವರುಷಗಳಿಗೆ ಹಿಂದೆ ನಬಾತ್ಯರೆಂಬ ಅರಬ್ ಜನರು ಕೆಂಪು ಮರಳುಗಲ್ಲಿನ ಬೆಟ್ಟಗಳನ್ನು ಕಡಿದು ಅದನ್ನು ಮಾಡಿದರು. ಅದರೊಳಗೆ ಹೋಗುವ ಮುಖ್ಯ ದಾರಿಯು ಒಂದು ಬಂಡೆಯ ಸಂದು. ಅದಕ್ಕೆ ಸೀಕ್ ಎಂದು ಹೆಸರು. ಭೂಮಿಯ ಒಳಗಣ ಬಲದಿಂದ ಬೆಟ್ಟವು ಸೀಳಿತು. ಆಮೇಲೆ ನೀರು ಹರಿದು ಹರಿದು ಆ ಸೀಳಿನ ಗೋಡೆಗಳನ್ನು ನುಣುಪು ಮಾಡಿತು. ಬಂಡೆಯ ಬಿರುಕುಗಳಲ್ಲಿ ವಾಸಿಸುತ್ತಾ ತಮ್ಮನ್ನು ಕೆಳಗಿಳಿಸುವವರು ಯಾರೂ ಇಲ್ಲವೆಂದು ಗರ್ವಪಟ್ಟ ಎದೋಮ್ಯರ ವಿಷಯವಾಗಿ ಓಬದ್ಯನು ಪ್ರವಾದಿಸಿದ್ದು ಇಂಥ ದೇಶವನ್ನು ಕುರಿತೇ.

ಈಗ ಲೋಕದ ನಾನಾ ಭಾಗಗಳಿಂದ ಜನರು ಹೆಂಡತಿ ಮಕ್ಕಳ ಸಮೇತ ಈ ಸಂದಿನಲ್ಲಿ ನಡೆಯುವದಕ್ಕೆ ಬರುತ್ತಾರೆ. ಯಾಕಂದರೆ ದಾರಿಯು ಸುಲಭ. ಹತ್ತುವ ಬಂಡೆಯಿಲ್ಲ, ಹಗ್ಗ ಬೇಡ. ಬಾಗಿಲಿನಿಂದ ಸ್ವಲ್ಪ ದೂರ ಬಯಲಿನಲ್ಲಿ ನಡೆದರೆ ಸಂದಿನ ಬಾಯಿ ಸಿಕ್ಕುವದು. ಅಲ್ಲಿಂದ ಒಳಗೆ ಸುಮಾರು 1.2 ಕಿಲೋಮೀಟರು. ಗೋಡೆಗಳು ಕೆಲವು ಕಡೆ 180 ಮೀಟರಿನ ಎತ್ತರಕ್ಕೆ ಏರುವವು. ಅಗಲವೋ, ಕೆಲವು ಕಡೆ ಮೂರೇ ಮೀಟರು. ಮೇಲೆ ನೋಡಿದರೆ ಆಕಾಶವು ನೀಲಿ ದಾರದ ಹಾಗೆ ತೋರುವದು. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ತಂಪು. ಮಕ್ಕಳು ಕೂಗಿದರೆ ಬಂಡೆಯು ಮರಳಿ ಕೂಗುವದು, ಅದಕ್ಕಾಗಿ ಅವರು ಸುಮ್ಮನಿರುವದೇ ಇಲ್ಲ. ಕಲ್ಲಿನಲ್ಲಿ ಕೆಂಪು, ಹಳದಿ, ಊದಾ ಬಣ್ಣದ ಗೆರೆಗಳು ಸೀರೆಯ ಅಂಚಿನಂತೆ ಓಡುವವು. ಕಡೇ ತಿರುವಿನಲ್ಲಿ ಸಂದು ಸಟ್ಟನೆ ಬಿಚ್ಚಿಕೊಂಡು, ಬಂಡೆಯಲ್ಲೇ ಕಡಿದ ಸುಮಾರು 40 ಮೀಟರು ಎತ್ತರದ ಮುಖಮಂಟಪವು ಕಣ್ಣೆದುರಿಗೆ ನಿಲ್ಲುವದು. ಅರಬರು ಅದನ್ನು ಖಜ್ನೆ ಅನ್ನುತ್ತಾರೆ. ನಮ್ಮ ಖಜಾನೆಯೆಂಬ ಮಾತಿಗೆ ಅದು ಬಂಧು. ನಿಜವಾಗಿ ಅದು ಸಮಾಧಿಯೇ ಹೊರತು ಖಜಾನೆಯಲ್ಲವೆಂದು ಬಲ್ಲವರ ಅಭಿಪ್ರಾಯ.

ಹೋಗುವಾಗ ದಾರಿ ಮೆಲ್ಲಗೆ ಇಳಿಯುತ್ತದೆ. ಆ ಕಾರಣ ಯಾರಿಗೂ ಆಯಾಸ ತಿಳಿಯದು. ಆದರೆ ಇಳಿದಷ್ಟನ್ನೂ ಏರಿ ಬರಬೇಕು, ಅದೂ ಮಧ್ಯಾಹ್ನದಲ್ಲಿ, ತಂದ ನೀರು ಮುಗಿದ ಮೇಲೆ, ಎಳೇ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು. ಹೋಗುವಾಗಿನ ಹುರುಪಿನಿಂದ ಬರುವಾಗಿನ ಬಲವನ್ನು ಅಳೆಯುವ ತಂದೆಯು ಏಸಾವನ ಲೆಕ್ಕವನ್ನು ಮಾಡುತ್ತಾನೆ, ಯಾಕೋಬನ ಲೆಕ್ಕವನ್ನಲ್ಲ.

ಆದರೆ ಆಯಾಸವು ದೊಡ್ಡ ಸಂಗತಿಯಲ್ಲ. ಕೂತು ಎದ್ದರೆ ಹೋಗುವದು. ನಾನು ಹೇಳಬೇಕೆಂದದ್ದು ನೀರಿನ ವಿಷಯ. ಮರುಭೂಮಿಯಲ್ಲಿ ನೀರಿಲ್ಲದೆ ಸಾಯುವದುಂಟೆಂದು ಎಲ್ಲರೂ ಬಲ್ಲರು. ನೀರು ಹೆಚ್ಚಾಗಿ ಸಾಯುವದುಂಟೆಂದು ಎಷ್ಟು ಮಂದಿ ಬಲ್ಲರು? ಅಲ್ಲಿಯ ಬೆಟ್ಟಗಳು ಬೋಳು. ಮಳೆಯ ನೀರನ್ನು ಹಿಡಿಯುವ ಕಾಡಿಲ್ಲ, ಕುಡಿಯುವ ಮೆತ್ತನೆಯ ಮಣ್ಣಿಲ್ಲ. ಬಿದ್ದದ್ದೆಲ್ಲಾ ಹರಿದು, ಹರಿದದ್ದೆಲ್ಲಾ ಒಂದಾಗಿ, ಸಂದು ಎಲ್ಲಿದೆಯೋ ಅಲ್ಲಿಗೇ ನುಗ್ಗುವದು. ಮೇಲಿನ ಗುಡ್ಡದಲ್ಲಿ ಮಳೆಯಾದರೆ, ನಮ್ಮ ಹೊಲದ ಮೇಲೆ ಹನಿ ಬೀಳದಿದ್ದರೂ ಹಳ್ಳವು ಕೆಂಪಾಗಿ ಏರುವದನ್ನು ನೀವು ಕಂಡಿದ್ದೀರಿ. ಆ ಹಳ್ಳಕ್ಕೆ ಎರಡೂ ಕಡೆ ಆಳೆತ್ತರ ಬಂಡೆಯ ಗೋಡೆಯಿದೆಯೆಂದೂ, ನೀವು ಮಕ್ಕಳೊಂದಿಗೆ ಅದರ ತಳದಲ್ಲಿ ನಿಂತಿದ್ದೀರೆಂದೂ ಎಣಿಸಿಕೊಳ್ಳಿರಿ.

ನಬಾತ್ಯರು ಇದನ್ನು ಬಲ್ಲವರಾಗಿದ್ದರು. ಆದದರಿಂದ ಸಂದಿನ ಬಾಯಲ್ಲಿ ಒಡ್ಡು ಕಟ್ಟಿದರು. ಪಕ್ಕದ ಬೆಟ್ಟವನ್ನು ಕೊರೆದು ಸುರಂಗ ಮಾಡಿ, ಪ್ರವಾಹವು ಆ ಕಡೆಗೆ ತಿರುಗಿ ಹೋಗುವಂತೆ ಮಾಡಿದರು. ಕುಡಿಯುವ ನೀರಿಗಾಗಿ ಸಂದಿನ ಗೋಡೆಯುದ್ದಕ್ಕೂ ಕಾಲುವೆ ಕಡಿದು, ಸುಟ್ಟ ಮಣ್ಣಿನ ಕೊಳವೆಗಳನ್ನು ಇಟ್ಟರು. ಒಂದೇ ನೀರನ್ನು ಹೊರಗೆ ತಡೆದರು, ಒಳಗೆ ಕರೆದರು. ಕಾಲಾಂತರದಲ್ಲಿ ಪಟ್ಟಣವು ಬರಿದಾಯಿತು, ಒಡ್ಡು ಹಾಳಾಯಿತು. ದಾರಿ ಮಾತ್ರ ಉಳಿಯಿತು. 1812ರಲ್ಲಿ ಬುರ್ಕ್‌ಹಾರ್ಟ್ ಎಂಬ ಸ್ವಿಸ್ ಪ್ರಯಾಣಿಕನು ಮುಸಲ್ಮಾನ ಯಾತ್ರಿಕನ ವೇಷದಲ್ಲಿ ಒಳಗೆ ಹೋಗಿ ಬಂದ ಮೇಲೆ ಯೂರೋಪಿನವರು ಆ ದಾರಿಯನ್ನು ಹುಡುಕಿಕೊಂಡು ಬಂದರು. ದಾರಿಯ ಸೌಂದರ್ಯವನ್ನು ಬರೆದವರು ಬಹುಮಂದಿ. ಮುರಿದುಹೋದ ಒಡ್ಡಿನ ಚಿಂತೆ ಮಾಡಿದವರು ಕೊಂಚ.

1963ನೆಯ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸ್ ದೇಶದ ಯಾತ್ರಿಕರ ಒಂದು ಗುಂಪು ಸೀಕಿನೊಳಗಿದ್ದಾಗ ಪ್ರವಾಹವು ಬಂದಿತು. 20ಕ್ಕಿಂತ ಹೆಚ್ಚು ಜನರು ಸತ್ತರು. ಅವರೊಳಗೆ ಝಾನ್ ಸ್ಟೈನ್‌ಮಾನ್ ಎಂಬ ಪಾದ್ರಿಯೂ ಒಬ್ಬನು. ಯೆಶಾಯ ಯೆರೆಮೀಯ ಮುಂತಾದ ಪ್ರವಾದಿಗಳ ಮೇಲೆ ಗ್ರಂಥಗಳನ್ನು ಬರೆದ ಪಂಡಿತನು. ಪ್ರವಾದಿಗಳು ನುಡಿದ ದೇಶವನ್ನು ಕಣ್ಣಾರೆ ನೋಡಬೇಕೆಂದು ಹೋದವರು ಆ ದೇಶದಲ್ಲಿಯೇ ಉಳಿದರು. ಈ ದುರಂತದ ಮೇಲೆಯೇ, ಪೂರ್ವಿಕರು ಕಟ್ಟಿದ ಸ್ಥಳದಲ್ಲಿ ಒಡ್ಡನ್ನು ತಿರಿಗಿ ಕಟ್ಟಿಸಿದರು.

ಇಂಥದ್ದನ್ನು ಕೇಳಿದಾಗ, ಸತ್ತವರು ಏನೋ ಪಾಪ ಮಾಡಿದ್ದಾರೆಂದು ಹೇಳುವ ನಾಲಿಗೆಗಳು ಪ್ರತಿಯೊಂದು ಸಭೆಯಲ್ಲಿಯೂ ಇವೆ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗಲೂ ಹಾಗೆ ಹೇಳಿದರು. ಕರ್ತನು ಆ ನಾಲಿಗೆಗಳನ್ನು ಮುಚ್ಚಿಸಿದನು. ನಾವೂ ಮುಚ್ಚಿಕೊಳ್ಳೋಣ. ಮಳೆಯು ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಬೀಳುವದಾದರೆ ಪ್ರವಾಹವೂ ಹಾಗೆಯೇ.

ಬೇರೊಂದು ಖಂಡದಲ್ಲಿ ಇದೇ ಸಂಗತಿ ನಡೆಯಿತು. ಅಮೇರಿಕದ ಆರಿಜೋನಾ ಸೀಮೆಯಲ್ಲಿ, ನವಾಹೊ ಜನರ ನಾಡಿನಲ್ಲಿ, ಆಂಟಿಲೋಪ್ ಎಂಬ ಸಂದಿನ ಕಣಿವೆಯಿದೆ. ಅದನ್ನು ನೀರೇ ಕಡಿಯಿತು. 1997ನೆಯ ಆಗಸ್ಟ್ 12ರಂದು ಅಲ್ಲಿ 11 ಮಂದಿ ಪ್ರವಾಸಿಗಳು ಕೊಚ್ಚಿಹೋದರು. ಅವರು ಇದ್ದ ಸ್ಥಳದಲ್ಲಿ ಮಳೆಯು ಅತ್ಯಲ್ಪ. ದೊಡ್ಡ ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ. ಆ ಕಣಿವೆಯ ಮೇಲ್ಭಾಗಕ್ಕೆ ನವಾಹೊ ಭಾಷೆಯಲ್ಲಿರುವ ಹೆಸರಿನ ಅರ್ಥವೇನು ಬಲ್ಲಿರಾ? ನೀರು ಬಂಡೆಗಳ ನಡುವೆ ಹರಿಯುವ ಸ್ಥಳ. ನಾಡಿನವರು ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಇಟ್ಟಿದ್ದರು. ಬಂದವರು ಬೇರೆ ಹೆಸರಿನಿಂದ ಕರೆದರು. ಈಗ ಅಲ್ಲಿಗೆ ಆ ನಾಡಿನ ಮಾರ್ಗದರ್ಶಕನಿಲ್ಲದೆ ಯಾರನ್ನೂ ಬಿಡುವದಿಲ್ಲ.

ಮತ್ತೊಂದನ್ನು ಹೇಳುವದಕ್ಕೆ ಮನಸ್ಸು ಹಿಂಜರಿಯುತ್ತದೆ. 2018ನೆಯ ಅಕ್ಟೋಬರ್ 25ರಂದು ಜೋರ್ಡಾನಿನಲ್ಲಿ, ಲವಣಸಮುದ್ರದ ಬಳಿಯ ಒಂದು ಕಣಿವೆಗೆ ಶಾಲೆಯ ಮಕ್ಕಳನ್ನು ವಿಹಾರಕ್ಕೆ ಕರೆದುಕೊಂಡು ಹೋಗಿದ್ದರು. ನೆರೆ ಬಂದಿತು. 20ಕ್ಕಿಂತ ಹೆಚ್ಚು ಜನರು ಸತ್ತರು, ಬಹುಮಂದಿ ಮಕ್ಕಳು. ಬುತ್ತಿ ಕಟ್ಟಿ, ತಲೆ ಬಾಚಿ ಕಳುಹಿಸಿದ ತಾಯಂದಿರನ್ನು ನೆನಸಿರಿ. ಮಗುವಿಗೆ ಆಕಾಶದ ಲಕ್ಷಣ ತಿಳಿಯದು, ಕಣಿವೆಯ ಗುಣ ತಿಳಿಯದು. ಅದು ತನ್ನ ಕೈಯನ್ನು ಹಿಡಿದವನ ಮುಖವನ್ನು ಮಾತ್ರ ನೋಡುವದು. ಸುಮಾರು ಎರಡು ವಾರಗಳ ಮೇಲೆ ಪೆತ್ರಾದಲ್ಲಿಯೂ ನೆರೆ ಬಂದಾಗ, ಸಾವಿರಾರು ಪ್ರವಾಸಿಗಳನ್ನು ಅಧಿಕಾರಿಗಳು ಹೊರಗೆ ಸಾಗಿಸಿದರು.

ಹಾಗಾದರೆ ಮಕ್ಕಳನ್ನು ಮನೆಯಲ್ಲೇ ಕಟ್ಟಿಹಾಕಬೇಕೋ? ಹಾಗೆ ನಾನು ಹೇಳುವದಿಲ್ಲ. ದೇವರು ಬಂಡೆಯಲ್ಲಿ ಬರೆದ ಬಣ್ಣಗಳನ್ನು ಮಕ್ಕಳು ನೋಡಲಿ, ಕೂಗಲಿ, ಮರುಕೂಗನ್ನು ಕೇಳಿ ನಗಲಿ. ಆದರೆ ಕರೆದುಕೊಂಡು ಹೋಗುವವನು ಒಳಗೆ ಕಾಲಿಡುವದಕ್ಕೆ ಮುಂಚೆ ಸ್ಥಳದವರನ್ನು ಕೇಳಬೇಕು: ಮೂಡಣ ಬೆಟ್ಟದಲ್ಲಿ ಮೋಡವುಂಟೋ? ನಿನ್ನೆ ಮಳೆಯಾಯಿತೋ? ಒಳಗೆ ಹೋದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಸಂದಿನೊಳಗಿನಿಂದ ಕಾಣುವ ಆಕಾಶವು ಒಂದು ದಾರದಷ್ಟೇ, ಮತ್ತು ಆ ದಾರವು ಕಡೇ ಗಳಿಗೆಯ ತನಕ ನೀಲಿಯಾಗಿಯೇ ಇರಬಹುದು. ಸ್ಥಳದವನು ಬೇಡವೆಂದರೆ, ದೂರದಿಂದ ಬಂದೆವಲ್ಲಾ, ಹಣ ಕೊಟ್ಟೆವಲ್ಲಾ ಎಂದು ವಾದಿಸಬಾರದು. ಮಗು ಅತ್ತರೆ ಅಳಲಿ. ಹಿಂದಿರುಗಿ ಬಂದ ಮಗುವಿನ ಅಳುವಿಗೆ ಬೆಲ್ಲ ಕೊಟ್ಟು ಸಮಾಧಾನ ಮಾಡಬಹುದು.

ಯಾಕೋಬನೂ ಸೇಯೀರಿಗೆ ಹೋಗಲಿಲ್ಲ ಎಂಬದನ್ನು ನಾನು ಮರೆಮಾಡಲಾರೆನು. ಅಣ್ಣನಿಗೆ ಮಾತು ಕೊಟ್ಟು ಸುಕ್ಕೋತಿಗೆ ತಿರುಗಿಕೊಂಡನು. ಅದನ್ನು ನಾನು ಹೊಗಳುವದಿಲ್ಲ. ಆದರೆ ಅಲ್ಲಿ ಅವನು ತನಗೆ ಮನೆಯನ್ನೂ ದನಗಳಿಗೆ ಹಂದರಗಳನ್ನೂ ಕಟ್ಟಿದನೆಂದು ಬರೆದದೆ. ಎಳೇ ಮಕ್ಕಳೂ ಹಾಲೂಡುವ ಕುರಿಗಳೂ ಆ ನೆರಳಿಗೆ ಜೀವದಿಂದ ಮುಟ್ಟಿದವು.

ಸೀಕಿನ ನಡುದಾರಿಯಲ್ಲಿ, ಗೋಡೆಯ ಮೇಲೆ, ಒಂಟೆಗಳನ್ನು ನಡಿಸಿಕೊಂಡು ಬರುವ ಒಬ್ಬ ಮನುಷ್ಯನನ್ನು ನಬಾತ್ಯರು ನಿಜವಾದ ಆಳಿನಷ್ಟು ದೊಡ್ಡದಾಗಿ ಕೆತ್ತಿದ್ದಾರೆ. ನೀರು ಅವನನ್ನು ತೀಡಿಬಿಟ್ಟಿದೆ. ಮುಖವಿಲ್ಲ, ಎದೆಯಿಲ್ಲ. ನಿಲುವಂಗಿಯ ಅಂಚೂ ಎರಡು ಪಾದಗಳೂ ಉಳಿದಿವೆ. ಒಂಟೆಗಳ ಕಾಲುಗಳು ಅವುಗಳ ಹಿಂದೆಯೇ ಬರುತ್ತಿವೆ.