ಬಿಟ್ಟ ನೆಲದ ಬೆಲೆ

ತನ್ನ ಹಣದಿಂದ ಕೊಂಡ ನಿವೇಶನದಲ್ಲಿ ಒಂದು ಪಾಲನ್ನು ಕಟ್ಟದೆ ಬಿಡಬೇಕೆಂದು ಒಡೆಯನಿಗೆ ಸರಕಾರ ಹೇಳಬಹುದೆ? ಹೇಳಬಹುದೆಂದು ಒಪ್ಪಿದರೆ, ಹಾಗೆ ಬಿಟ್ಟ ನೆಲದ ಬೆಲೆಯನ್ನು ತೆರುವವರು ಯಾರು? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಅಡಿಯಲ್ಲಿ ರೂಪುಗೊಂಡ ವಲಯ ನಿಯಮಗಳು ಈ ಎರಡು ಪ್ರಶ್ನೆಗಳನ್ನೂ ನಮ್ಮ ಮುಂದಿಡುತ್ತವೆ.

ಮೊದಲನೆಯದಕ್ಕೆ ಉತ್ತರ ಸುಲಭ. ನ್ಯೂಯಾರ್ಕಿನಲ್ಲಿ 1915ರಲ್ಲಿ ಮುಗಿದ ಈಕ್ವಿಟಬಲ್ ಕಟ್ಟಡ ನಿವೇಶನದ ತುಂಬ ನೆಟ್ಟಗೆ ಎದ್ದು ನೆರೆಹೊರೆಗೆ ನೆರಳು ಕವಿಸಿತು. ಮೇಲೇರಿದಂತೆಲ್ಲ ಕಟ್ಟಡ ಹಿಂದೆ ಸರಿಯಬೇಕೆಂದು 1916ರಲ್ಲಿ ಆ ನಗರ ನಿಯಮ ಮಾಡಿತು. ನೆಲಕ್ಕೆ ಕ್ರಯಪತ್ರವುಂಟು, ಗಾಳಿ ಬೆಳಕುಗಳಿಗಿಲ್ಲ. ಅವು ನೆರೆಯವನವೂ ಹೌದು.

ಎರಡನೆಯದು ಕಠಿಣ. 2400 ಚದರಡಿಯ ನಿವೇಶನದಲ್ಲಿ ಒಟ್ಟು 3600 ಚದರಡಿ ಕಟ್ಟಲು ಅನುಮತಿ ಇದೆಯೆನ್ನೋಣ. ಮುಕ್ಕಾಲು ನೆಲ ಮುಚ್ಚಬಹುದಾದರೆ ಎರಡು ಅಂತಸ್ತು ಸಾಕು. ಅರ್ಧವೇ ಆದರೆ ಮೂರು ಬೇಕು. ಎತ್ತರಕ್ಕೂ ಮಿತಿಯಿದ್ದರೆ ಆ ಮೂರನೆಯದು ಏಳುವುದೇ ಇಲ್ಲ. ಅಲ್ಲಿರಬೇಕಾಗಿದ್ದ ಸಂಸಾರ ಊರ ಹೊರಗೆ ಮನೆ ಹುಡುಕುತ್ತದೆ. ಎದ್ದರೆ, ಮೆಟ್ಟಿಲಿನ, ನೀರೆತ್ತುವ ಖರ್ಚು ಬಾಡಿಗೆಯಲ್ಲಿ ಸೇರುತ್ತದೆ. ನಿಯಮ ಒಡೆಯನಿಗೆ, ಭಾರ ಬಾಡಿಗೆದಾರನಿಗೆ.

ಹಾಗೆಂದು ನಿಯಮವೇ ಬೇಡವೆ? ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳೆಯ ಓಣಿಗಳು ಬೇರೊಂದು ದಾರಿ ತೋರಿಸುತ್ತವೆ. ಅಲ್ಲಿ ಕಲ್ಲಿನ ಮನೆಗಳು ಗೋಡೆಗೆ ಗೋಡೆ ಹತ್ತಿ ನಿಂತಿವೆ. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿ ದಾಟುವ ಸೀಮೆಯಲ್ಲಿ, ಕೂಡುಗೋಡೆಗೆ ಬಿಸಿಲು ತಾಗದು. ತೆರವು ಮನೆಯ ಸುತ್ತಲಿಲ್ಲ, ನಡುವಿದೆ. ಶಹಾಬಾದಿ ಪರಸಿ ಹಾಸಿದ ಆ ಒಂದೇ ಅಂಗಳದ ಬೆಳಕಿನಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರಗಳ ಒಲೆ ಉರಿಯುತ್ತಿದ್ದವು. ವಾಡಿಯ ಸಿಮೆಂಟಿನಿಂದ ಏಳುವ ಇಂದಿನ ಮನೆಯ ಪಕ್ಕದಲ್ಲಿ ಬಿಟ್ಟ ಮೂರಡಿ ಸಂದಿಯಲ್ಲಿ ಮಗು ಆಡದು, ಮಂಚ ಹಿಡಿಸದು. ಲೆಕ್ಕದಲ್ಲಿ ಎರಡೂ ತೆರವೇ!

ನಿಯಮ ಮೀರಿದವರಿಂದ ಹಣ ಪಡೆದು ಕಟ್ಟಡವನ್ನು ಸಕ್ರಮಗೊಳಿಸಲು 2014ರಲ್ಲಿ ನಮ್ಮ ಸರಕಾರ ನಿಯಮಾವಳಿ ತಂದಿತು. 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಬೆಳಕು ಕಳೆದುಕೊಂಡವನು ನೆರೆಯವನು, ಹಣ ಸೇರುವುದು ಬೊಕ್ಕಸಕ್ಕೆ ಎಂದಾದರೆ, ಅದು ಯಾವ ನ್ಯಾಯ?

ಎಷ್ಟು ಬಿಟ್ಟೆ ಎಂದಷ್ಟೇ ಕೇಳುವ ನಿಯಮ ಅರ್ಧ ನಿಯಮ. ಎಲ್ಲಿ ಬಿಟ್ಟೆ, ಅದು ಎಷ್ಟು ಸಂಸಾರಗಳಿಗೆ ಒದಗಿತು ಎಂದೂ ಅದು ಕೇಳಬೇಕು. ನಾಲ್ಕು ನಿವೇಶನಗಳ ಒಡೆಯರು ಸಂದಿಗಳನ್ನು ಬಿಟ್ಟು ಒಂದು ಅಂಗಳ ಕೂಡಿಸಿಕೊಳ್ಳುತ್ತೇವೆಂದರೆ ಕಾಯಿದೆ ಅಡ್ಡ ಬರಬಾರದು. ಆಗ ಬಿಟ್ಟ ನೆಲ ಬಾಡಿಗೆ ತೆರುವವನಿಗೂ ದಕ್ಕೀತು.