ಕಾಯಿಲೆ ಬಂದವರು ತಪ್ಪಿತಸ್ಥರೇ?

ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ಆಗುಂಬೆ. 2015ರ ರಮಝಾನ್ ಬಂದದ್ದು ಮಳೆಗಾಲದಲ್ಲೇ. ಆ ತಿಂಗಳ ಒಂದು ಸಂಜೆ, ಇಫ್ತಾರಿಗೆ ಇನ್ನೂ ಹೊತ್ತಿರುವಾಗಲೇ ನನ್ನ ಖಾಲಾ ಅಡುಗೆಮನೆಯಲ್ಲಿ ಕುಸಿದರು. ಸಹರಿಯಲ್ಲಿ ಮಾತ್ರೆ ನುಂಗಿ ಹಗಲೆಲ್ಲ ಉಪವಾಸವಿದ್ದುದರಿಂದ ರಕ್ತದ ಸಕ್ಕರೆ ತೀರಾ ಇಳಿದಿತ್ತು. ಅವರಿಗೆ ಸಕ್ಕರೆ ಕಾಯಿಲೆಯಿದೆಯೆಂದು ನಮಗೆ ತಿಳಿದದ್ದೇ ಅಂದು. ಮಾತ್ರೆಗಳು ದಿಂಬಿನಡಿ ಸಿಕ್ಕವು.

"ಯಾಕೆ ಹೇಳಲಿಲ್ಲ ಖಾಲಾ?"

"ತಿಂದು ತಿಂದು ತಂದುಕೊಂಡಳು ಅಂತಾರಲ್ಲ, ಬೇಟಾ."

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಉಂಡ ಅನ್ನ ಗ್ಲೂಕೋಸಾಗಿ ರಕ್ತ ಸೇರುತ್ತದೆ. ಅದನ್ನು ಒಳಗೆ ಬಿಟ್ಟುಕೊಳ್ಳಿ ಎಂದು ಜೀವಕೋಶಗಳಿಗೆ ಹೇಳುವುದು ಇನ್ಸುಲಿನ್. ಕೆಲವರಲ್ಲಿ ಸ್ನಾಯು, ಯಕೃತ್ತಿನ ಕೋಶಗಳು ಈ ಮಾತಿಗೆ ಕಿವುಡಾಗುತ್ತಾ ಹೋಗುತ್ತವೆ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಹೇಗೋ ನಿಭಾಯಿಸುತ್ತದೆ. ಅದು ದಣಿದಾಗ ಸಕ್ಕರೆ ಏರುತ್ತದೆ. ಅದಕ್ಕೆ ಟೈಪ್ 2 ಮಧುಮೇಹವೆಂದು ಹೆಸರು.

ಸೊಂಟದ ಬೊಜ್ಜು, ಕೂತಲ್ಲೇ ಕೂರುವ ಬದುಕು, ಅತಿಯಾದ ಅನ್ನ-ಸಿಹಿಯ ಪಾಲು ಇದರಲ್ಲಿದೆ. ಆದರೆ ವಂಶದ ಪಾಲೂ ಇದೆ. ನಮ್ಮ ಕೂಸುಗಳು ತೂಕದಲ್ಲಿ ಕಡಿಮೆಯಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚೆಂದು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತೋರಿಸಿದ್ದಾರೆ. ತಾಯಿಯ ಗರ್ಭದಲ್ಲಿ ಕಂಡ ಕೊರತೆಯೂ ಮುಂದೊಂದು ದಿನ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಇವರೆಲ್ಲರೂ ನಾಲಿಗೆ ಚಪಲದವರೇ? ನಮ್ಮ ಖಾಲಾ ಜೀವನವಿಡೀ ಎಲ್ಲರೂ ಉಂಡ ಮೇಲೆ ಉಳಿದ ಅನ್ನ-ಸಾರು ಉಂಡವರು.

ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೇ? ಇದೆ. ದೇಹ ನಮಗೆ ಒಪ್ಪಿಸಿದ ಅಮಾನತ್ತು. ಅದನ್ನು ಕಾಯಬೇಕೆಂದೇ ಕುರ್‌ಆನ್ ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟಿದೆ ಎಂದು ನಾನು ತಿಳಿದಿದ್ದೇನೆ. ಆದರೆ ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಹೊರಿಸಿದರೆ ಮನುಷ್ಯ ಮಾತ್ರೆಯನ್ನು ಬಚ್ಚಿಡುತ್ತಾನೆ. ಹೊಣೆಯನ್ನಾದರೆ ಹಂಚಿಕೊಳ್ಳಬಹುದು. ಅಂದು ಖಾಲಾರನ್ನು ಬೀಳಿಸಿದ್ದು ಕಾಯಿಲೆಯೊಂದೇ ಅಲ್ಲ, ನಾವು ಬೇರೆಯವರ ಬಗ್ಗೆ ಅವರೆದುರು ಆಡಿದ ಮಾತುಗಳೂ ಹೌದು.

ನಡೆದಾಡುವ ಸ್ನಾಯು ಇನ್ಸುಲಿನ್ನಿನ ನೆರವು ಕಡಿಮೆಯಿದ್ದರೂ ಗ್ಲೂಕೋಸನ್ನು ಹೀರಿಕೊಳ್ಳುತ್ತದೆ. ಮಳೆ ಹೊಳವಾದ ಸಂಜೆ ಮನೆಯವರಲ್ಲಿ ಯಾರಾದರೊಬ್ಬರು ಖಾಲಾರ ಜೊತೆ ನಡೆಯಲು ಹೋಗುತ್ತಾರೆ. ಅನ್ನ ಕಡಿಮೆ, ಹುರುಳಿ-ಸೊಪ್ಪು ಹೆಚ್ಚು ಎಂಬ ಪಥ್ಯ ಈಗ ಎಲ್ಲರ ತಟ್ಟೆಗೂ ಬಂದಿದೆ. ಖಾಲಾ ನಮ್ಮೊಂದಿಗೇ ಕೂತು ಉಣ್ಣುತ್ತಾರೆ. ಮಾತ್ರೆಯ ಡಬ್ಬಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇರುತ್ತದೆ.